ನಿಮಗಿದು ಗೊತ್ತೇ? ನೆನಪಿಗೂ ಗೇರುಬೀಜಕ್ಕೂ ನಂಟಿದೆ!

ಮಾದೇಶ್ವರನ ಕಾವ್ಯವನ್ನು ಬಾಯಿಪಾಠದಿಂದಲೇ ರಾತ್ರಿಯಿಡೀ ಹಾಡುವ ಕಂಸಾಳೆಯವರನ್ನು ಬಂಡಳ್ಳಿ, ಹನೂರು ಸೀಮೆಯವರು ಬಲ್ಲರು. ಅಷ್ಟು ದೊಡ್ಡ ಕಥೆ ತಲೆಯಲ್ಲಿ ವರ್ಷಗಟ್ಟಲೆ ನಿಲ್ಲಬೇಕಾದರೆ ಕಲಿಯುವಾಗ ಮಿದುಳಿನ ಜೀವಕೋಶಗಳು ಹೊಸ ಪ್ರೋಟೀನು ತಯಾರಿಸಿರಬೇಕು. ಅದಕ್ಕೆ ಜೀನ್‌ಗಳು ಎಚ್ಚೆತ್ತು ಕೆಲಸಕ್ಕಿಳಿಯಬೇಕು.

ನಮ್ಮ ದೇಹದ ಬಹುತೇಕ ಎಲ್ಲ ಜೀವಕೋಶಗಳಲ್ಲೂ ತಲಾ ಸುಮಾರು 2 ಮೀಟರ್ ಉದ್ದದ ಡಿಎನ್‌ಎ ಇದೆ! ಕೊಳ್ಳೇಗಾಲದ ರೇಷ್ಮೆ ಎಳೆ ರಾಟೆಗೆ ಸುತ್ತಿಕೊಳ್ಳುವಂತೆ ಅದು ಹಿಸ್ಟೋನ್ ಎಂಬ ಪ್ರೋಟೀನುಗಳಿಗೆ ಸುತ್ತಿಕೊಂಡಿರುತ್ತದೆ. ಸುತ್ತು ಬಿಗಿಯಾಗಿದ್ದರೆ ಜೀನ್ ಮೂಕ. ಹಿಸ್ಟೋನ್ ಬಾಲದ ಲೈಸೀನ್‌ಗೆ ಧನ ವಿದ್ಯುದಂಶ, ಡಿಎನ್‌ಎಗೆ ಋಣ. ಬಿಗಿತಕ್ಕೆ ಇದೊಂದು ಕಾರಣ. ಲೈಸೀನ್ ಮೇಲೆ ಅಸಿಟೈಲ್ ಗುಂಪು ಬಂದು ಕೂತರೆ ಧನಾಂಶ ಅಳಿದು ಹಿಡಿತ ಸಡಿಲವಾಗುತ್ತದೆ. ಆಗ ಜೀನಿನಿಂದ ಪ್ರೋಟೀನು ತಯಾರಿಗೆ ಬೇಕಾದ ಆರ್‌ಎನ್‌ಎ ಹೊರಡುತ್ತದೆ. ಈ ನಂಟನ್ನು ವಿಜ್ಞಾನಿ ವಿನ್ಸೆಂಟ್ ಆಲ್‌ಫ್ರೇ 1964ರಲ್ಲೇ ಸೂಚಿಸಿದ್ದರು.

ಅಸಿಟೈಲ್ ಅಂಟಿಸುವ ಕಿಣ್ವಗಳಲ್ಲಿ ಸಿಬಿಪಿ, ಪಿ300 ಮುಖ್ಯವಾದವು. ಸಿಬಿಪಿ ಜೀನಿನ ಎರಡು ಪ್ರತಿಗಳಲ್ಲಿ ಒಂದು ಕೆಟ್ಟರೂ ರೂಬಿನ್‌ಸ್ಟೀನ್–ಟೇಬಿ ಸಿಂಡ್ರೋಮ್ ಬರುತ್ತದೆ. ಅಂಥ ಮಕ್ಕಳಿಗೆ ಕಲಿಕೆಯೇ ದೊಡ್ಡ ಕಷ್ಟ.

ಈ ಕಿಣ್ವಗಳ ಮೂಗುದಾರ ಹುಡುಕಿದ್ದು ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ತಪಸ್ ಕುಂಡು ಅವರ ತಂಡ. ಅದೂ ನಮ್ಮ ಮಣ್ಣಿನ ಬೆಳೆಗಳಲ್ಲಿ! ಗೇರುಬೀಜದ ಸಿಪ್ಪೆಯೆಣ್ಣೆಯ ಅನಕಾರ್ಡಿಕ್ ಆಮ್ಲ ಪಿ300 ಕಿಣ್ವವನ್ನು ತಡೆಯುತ್ತದೆಂದು 2003ರಲ್ಲಿ ತೋರಿಸಿದರು. ಮರುವರ್ಷ ಕರಾವಳಿಯ ಪುನರ್ಪುಳಿಯ ಗಾರ್ಸಿನಾಲ್, ಅರಿಶಿನದ ಕರ್ಕ್ಯುಮಿನ್ ಸರದಿ. ಹಾಗಂತ ಅರಿಶಿನ ಬೆಳೆಯುವ ಚಾಮರಾಜನಗರದ ರೈತರಾಗಲಿ, ಸಾರಿಗೆ ಅರಿಶಿನ ಹಾಕುವವರಾಗಲಿ ಮರೆವು ಬಂದೀತೆಂದು ಹೆದರಬೇಕಿಲ್ಲ: ತಿಂದ ಕರ್ಕ್ಯುಮಿನ್ ರಕ್ತಕ್ಕೆ ಸೇರುವುದು ತೀರಾ ಅಲ್ಪ.

ಅದಕ್ಕಿಂತ ಸೊಗಸಿನ ಸಂಗತಿ ಮುಂದಿದೆ. ಗೇರಿನ ಆ ಆಮ್ಲವನ್ನೇ ಬದಲಿಸಿ, ಕಿಣ್ವವನ್ನು ತಡೆಯುವ ಬದಲು ಚುರುಕುಗೊಳಿಸುವ ಸಿಟಿಪಿಬಿ ಎಂಬ ಅಣುವನ್ನು ಕುಂಡು ತಂಡದವರು ಕಟ್ಟಿದರು. ಆದರೆ ಅದು ಜೀವಕೋಶದೊಳಕ್ಕೆ ತಾನಾಗಿ ನುಗ್ಗುತ್ತಿರಲಿಲ್ಲ. ಅದರ ಬಳಗದ ಟಿಟಿಕೆ21 ಎಂಬ ಅಣುವನ್ನು ಗ್ಲೂಕೋಸಿನಿಂದ ಮಾಡಿದ ಇಂಗಾಲದ ನ್ಯಾನೋ ಗೋಲಿಗಳಿಗೆ ಅಂಟಿಸಿ ಇಲಿಗಳಿಗೆ ಚುಚ್ಚಿದಾಗ ಅದು ಮಿದುಳು ಮುಟ್ಟಿತು! ಫ್ರಾನ್ಸಿನ ಸ್ಟ್ರಾಸ್‌ಬರ್ಗ್ ವಿಜ್ಞಾನಿಗಳ ಜತೆಗೂಡಿ 2013ರಲ್ಲಿ ಪ್ರಕಟಿಸಿದ ಆ ಪ್ರಯೋಗದಲ್ಲಿ, ನೆನಪಿಗೆ ಮುಖ್ಯವಾದ ಮಿದುಳಿನ ಭಾಗ ಹಿಪೊಕ್ಯಾಂಪಸ್‌ನಲ್ಲಿ ಹಿಸ್ಟೋನ್‌ಗಳ ಅಸಿಟೈಲ್ ಹೆಚ್ಚಿತು, ಹೊಸ ನರಕೋಶಗಳ ಬೆಳವಣಿಗೆಗೆ ಇಂಬು ಸಿಕ್ಕಿತು, ಕಲಿತದ್ದರ ನೆನಪು ಹೆಚ್ಚು ದಿನ ಉಳಿಯಿತು.