ಆರು ವಿಷಯ, ಒಂದು ಮಗು

ಗಣಿತದಲ್ಲಿ 60, ವಿಜ್ಞಾನದಲ್ಲಿ 60 ಪಡೆದ ಒಬ್ಬ ಹುಡುಗಿಯನ್ನು ಊಹಿಸಿಕೊಳ್ಳಿ. ಇನ್ನೊಬ್ಬಳಿಗೆ ಗಣಿತದಲ್ಲಿ 85, ವಿಜ್ಞಾನದಲ್ಲಿ 35. ಕೂಡಿದರೆ ಇಬ್ಬರದೂ 120. ಆದರೆ ಗಣಿತ ಚೆನ್ನಾಗಿ ಬಂದವರಿಗೆ ವಿಜ್ಞಾನವೂ ಬರುವುದು ವಾಡಿಕೆ. ಎರಡನೆಯವಳ ಅಂಕಗಳು ಆ ವಾಡಿಕೆಯನ್ನು ಮುರಿದಿವೆ. ಅವಳ ಶಾಲೆಯಲ್ಲಿ ವಿಜ್ಞಾನ ಶಿಕ್ಷಕರ ಹುದ್ದೆ ಖಾಲಿ ಇತ್ತೇ? ಪ್ರಯೋಗಾಲಯಕ್ಕೆ ಬೀಗ ಬಿದ್ದಿತ್ತೇ? ಒಟ್ಟು ಅಂಕವನ್ನಷ್ಟೇ ನೋಡುವವರಿಗೆ ಈ ಪ್ರಶ್ನೆ ಹುಟ್ಟುವುದೇ ಇಲ್ಲ.

ಹಾಗೆಂದು ವಿಷಯಗಳನ್ನು ಒಂದೊಂದಾಗಿ ಪರೀಕ್ಷಿಸಿದರೂ ತೊಡಕೇ. ಎಸ್ಸೆಸ್ಸೆಲ್ಸಿಯ ಆರು ವಿಷಯಗಳಲ್ಲಿ ಎರಡು ಬಗೆಯ ಶಾಲೆಗಳನ್ನು ಶೇ 5ರ ಮಟ್ಟದಲ್ಲಿ, ಅಂದರೆ ಪ್ರತಿ ಪರೀಕ್ಷೆ ತಪ್ಪಾಗಿ ‘ವ್ಯತ್ಯಾಸವಿದೆ’ ಎನ್ನುವ ಸಂಭವ ಶೇ 5 ಇರುವಂತೆ, ಬೇರೆಬೇರೆಯಾಗಿ ಹೋಲಿಸಿದೆವು ಎನ್ನಿ. ನಿಜದಲ್ಲಿ ಯಾವ ವ್ಯತ್ಯಾಸವೂ ಇಲ್ಲದಿದ್ದರೂ, ಆರೂ ಪರೀಕ್ಷೆಗಳು ಪರಸ್ಪರ ಸ್ವತಂತ್ರವಾಗಿದ್ದರೆ, ಎಲ್ಲೋ ಒಂದರಲ್ಲಾದರೂ ‘ವ್ಯತ್ಯಾಸವಿದೆ’ ಎಂದು ಬರುವ ಸಂಭವ ಶೇ 26 ದಾಟುತ್ತದೆ. ಎಲ್ಲ ಅಂಕಗಳನ್ನೂ ಒಟ್ಟಿಗೆ, ಅವುಗಳ ನಡುವಿನ ನಂಟಿನ ಸಮೇತ ಪರೀಕ್ಷಿಸುವ ದಾರಿಯನ್ನು ಸಂಖ್ಯಾಶಾಸ್ತ್ರಜ್ಞರಾದ ಹೊಟೆಲಿಂಗ್ 1931ರಲ್ಲಿ, ವಿಲ್ಕ್ಸ್ 1932ರಲ್ಲಿ ತೋರಿಸಿದರು. 1936ರಲ್ಲಿ ಫಿಶರ್ ಎರಡು ಗುಂಪುಗಳನ್ನು ಬೇರ್ಪಡಿಸುವ ಡಿಸ್ಕ್ರಿಮಿನಂಟ್ ಸೂತ್ರ ಕೊಟ್ಟರು. ಅದೇ ವರ್ಷ ನಮ್ಮ ಮಹಾಲನೋಬಿಸ್ ತಮ್ಮ ‘ದೂರ’ವನ್ನು ಮಂಡಿಸಿದರು. ಮೇಲಿನ ಎರಡನೆಯ ಹುಡುಗಿ ಉಳಿದವರಿಂದ ಎಷ್ಟು ದೂರವಿದ್ದಾಳೆಂದು ಅಳೆಯುವುದು ಆ ದೂರವೇ.

ಗುಂಪುಗಳನ್ನು ಬೇರ್ಪಡಿಸುವ ಈ ಕೆಲಸವನ್ನು ಎರಡು ಗುಂಪುಗಳಿಂದ ಹಲವು ಗುಂಪುಗಳಿಗೆ 1948ರಲ್ಲಿ ವಿಸ್ತರಿಸಿದವರು ಸಂಖ್ಯಾಶಾಸ್ತ್ರಜ್ಞ ಸಿ. ಆರ್. ರಾವ್. 1920ರಲ್ಲಿ ಅವರು ಹುಟ್ಟಿದ್ದು ಹೂವಿನಹಡಗಲಿಯಲ್ಲಿ, ನಮ್ಮ ಕಲ್ಯಾಣ ಕರ್ನಾಟಕದಲ್ಲೇ. ಕೇಂಬ್ರಿಜ್‌ನಲ್ಲಿ ಸುಡಾನಿನ ಹಳೆಯ ಅಸ್ಥಿಗಳ ಅಳತೆಗಳನ್ನು ವಿಶ್ಲೇಷಿಸುತ್ತಾ ಬೆಳೆಸಿದ ವಿದ್ಯೆ ಇಂದು ನಮ್ಮ ಶಾಲೆಗಳ ಅಂಕಪಟ್ಟಿಗೂ ಒದಗುತ್ತದೆ. ಕಲಬುರಗಿಯ ಕುಸನೂರದ ಪಕ್ಕದ ಗುಲ್ಬರ್ಗಾ ವಿಶ್ವವಿದ್ಯಾಲಯದಲ್ಲಿ ಓದುವ ಮಕ್ಕಳಿಗೆ ಈ ಹೆಸರು ಮನೆಯವರ ಹೆಸರಿನಷ್ಟು ಪರಿಚಯವಿರಬೇಕೆಂಬುದು ನನ್ನ ಆಸೆ.

ಸರಾಸರಿ ಏನನ್ನು ಮುಚ್ಚಿಡುತ್ತದೆ ಎಂಬುದನ್ನು ತಿಳಿಯಲು ನಾವು ದೂರ ಹೋಗಬೇಕಿಲ್ಲ. ಪ್ರಾದೇಶಿಕ ಅಸಮತೋಲನ ಕುರಿತ 2002ರ ನಂಜುಂಡಪ್ಪ ಸಮಿತಿ 35 ಸೂಚಕಗಳನ್ನು ಕೂಡಿಸಿ 175 ತಾಲ್ಲೂಕುಗಳನ್ನು ಅಳೆಯಿತು. ಅತ್ಯಂತ ಹಿಂದುಳಿದ 39ರಲ್ಲಿ 21 ಗುಲ್ಬರ್ಗಾ ವಿಭಾಗದವು. ಹಲವು ಅಳತೆಗಳನ್ನು ಜೊತೆಯಾಗಿ ನೋಡಿದ್ದು ಅದರ ದೊಡ್ಡತನ. ಆದರೆ ಆಗ ಕಮಲಾಪುರ ತಾಲ್ಲೂಕೇ ಆಗಿರಲಿಲ್ಲ. ಅದರ ಲೆಕ್ಕ ಕಲಬುರಗಿ ನಗರವಿರುವ ತಾಲ್ಲೂಕಿನ ಲೆಕ್ಕದೊಳಗೇ ಸೇರಿಹೋಗಿತ್ತು. ಅಳತೆ ಎಷ್ಟೇ ಇರಲಿ, ಗುಂಪಿನ ಗಡಿ ಎಲ್ಲಿ ಎಳೆದಿರಿ ಎಂಬುದು ಉತ್ತರವನ್ನು ಬದಲಿಸುತ್ತದೆ.

ಯಾವ ಮಗು ಪಾಸಾಗುತ್ತದೆ, ಯಾವುದು ಫೇಲಾಗುತ್ತದೆ ಎಂದು ಊಹಿಸಲು ಡಿಸ್ಕ್ರಿಮಿನಂಟ್ ವಿಶ್ಲೇಷಣೆ ಮಾಡಿದ ಪ್ರಬಂಧಗಳಲ್ಲಿ ‘ಶೇ 82 ಮಕ್ಕಳನ್ನು ಸರಿಯಾಗಿ ಗುರುತಿಸಿದೆ’ ಎಂಬಂಥ ಸಾಲು ಎದುರಾದರೆ ನಾನು ಮೊದಲು ಕೇಳುವುದು, ತೇರ್ಗಡೆಯಾದವರು ಎಷ್ಟು ಮಂದಿ ಎಂದು. ಶೇ 80 ಮಂದಿ ತೇರ್ಗಡೆಯಾಗಿದ್ದರೆ, ಕಣ್ಣು ಮುಚ್ಚಿ ಎಲ್ಲರನ್ನೂ ‘ಪಾಸ್’ ಎಂದರೂ ಶೇ 80 ಸರಿಯಾಗುತ್ತದೆ. ಸೂತ್ರ ಕಟ್ಟಿದ ಮಕ್ಕಳ ಮೇಲೆಯೇ ಅದನ್ನು ಪರೀಕ್ಷಿಸಿದ್ದರೆ ಉಳಿದ ಶೇ 2ನ್ನೂ ನಂಬಲಾಗದು. ಪರೀಕ್ಷೆಗೆ, ಸೂತ್ರ ಕಟ್ಟುವಾಗ ಬಳಸದ ಬೇರೆ ಮಕ್ಕಳು ಬೇಕು. ಫೇಲಾಗುವವರ ಸಾಲಿಗೆ ತಪ್ಪಾಗಿ ಸೇರಿಸಿದ ಮಗು ಮೊದಲೇ ಶಾಲೆ ಬಿಡುವ ಅಂಚಿನಲ್ಲಿದ್ದರೆ, ಆ ಹಣೆಪಟ್ಟಿಯೇ ಅದನ್ನು ಆಚೆ ತಳ್ಳಬಹುದು.

ಕಲಬುರಗಿಯಲ್ಲಿ ಕನ್ನಡ, ಉರ್ದು, ಮರಾಠಿ ಮಾಧ್ಯಮಗಳನ್ನು ಹೋಲಿಸುವವರು ಇನ್ನೊಂದನ್ನು ಗಮನಿಸಬೇಕು. ಪ್ರಥಮ ಭಾಷೆಯ ಪ್ರಶ್ನೆಪತ್ರಿಕೆಯೇ ಇಲ್ಲಿ ಬೇರೆಬೇರೆ. 125ಕ್ಕೆ ಬಂದ ಆ ಅಂಕವನ್ನು ಉಳಿದವುಗಳ ಜೊತೆ ಸೂತ್ರಕ್ಕೆ ಹಾಕಿದರೆ, ಮಕ್ಕಳ ನಡುವಿನ ವ್ಯತ್ಯಾಸ ಯಾವುದು, ಪ್ರಶ್ನೆಪತ್ರಿಕೆಗಳ ವ್ಯತ್ಯಾಸ ಯಾವುದು ಎಂದು ಯಾವ ಸಾಫ್ಟ್‌ವೇರೂ ಬಿಡಿಸಿ ಹೇಳಲಾರದು. ಅದನ್ನು ಹೊರಗಿಟ್ಟೇ ಹೋಲಿಕೆ ಶುರುವಾಗಬೇಕು.