ಕಾಂಡಕೋಶಗಳು: ಯಾವುದಕ್ಕೆ ಯಾವ ಶಕ್ತಿ?

ನವಜಾತ ಶಿಶುವಿನ ಹೊಕ್ಕುಳಬಳ್ಳಿಯ ರಕ್ತವನ್ನು ಹಣ ತೆತ್ತು ಶೇಖರಿಸಿಡಬೇಕೆ ಎಂಬ ಪ್ರಶ್ನೆ ಮಹಾನಗರಗಳಿಗಷ್ಟೇ ಸೀಮಿತವಲ್ಲ. ನಮ್ಮ ದಾವಣಗೆರೆಯ ದೇವರಾಜ ಅರಸು ಬಡಾವಣೆಯ ಮನೆಗಳಿಗೂ ಅದು ಬರಬಹುದಾದದ್ದೇ. ಉತ್ತರಕ್ಕೆ ಮುನ್ನ ಕಾಂಡಕೋಶಗಳ ಬಗೆಗಳನ್ನು ಅರಿಯುವುದು ಲೇಸು.

ತನ್ನಂಥವೇ ಕೋಶಗಳನ್ನು ಹುಟ್ಟಿಸುತ್ತ, ಬೇರೆ ಬಗೆಯ ಕೋಶಗಳಾಗಿಯೂ ಮಾರ್ಪಡಬಲ್ಲುದೇ ಕಾಂಡಕೋಶ. ಕೆಲವೇ ದಿನಗಳ ಭ್ರೂಣದಿಂದ ಪಡೆದುದು ದೇಹದ ಯಾವ ಅಂಗಾಂಶವಾಗಿಯಾದರೂ ಬೆಳೆಯಬಲ್ಲುದು. ಮಾನವ ಭ್ರೂಣದಿಂದ ಇದನ್ನು 1998ರಲ್ಲಿ ಅಮೆರಿಕದ ಜೇಮ್ಸ್ ಥಾಮ್ಸನ್ ಬೇರ್ಪಡಿಸಿದರು. ಜಪಾನಿನ ಶಿನ್ಯಾ ಯಮನಾಕ ಅವರು 2006ರಲ್ಲಿ ಇಲಿಯ ಸಾಮಾನ್ಯ ಕೋಶಗಳಿಗೆ ನಾಲ್ಕು ವಂಶವಾಹಿಗಳನ್ನು ಸೇರಿಸಿ ಅಂಥದೇ ಶಕ್ತಿಯನ್ನು ಮರಳಿಸಿದರು.

ವಯಸ್ಕರ ಕಾಂಡಕೋಶಗಳ ವ್ಯಾಪ್ತಿ ಕಿರಿದು. ಅಸ್ಥಿಮಜ್ಜೆಯ ಒಂದು ಬಗೆ ರಕ್ತಕಣಗಳನ್ನು ಹುಟ್ಟಿಸಿದರೆ, ಇನ್ನೊಂದು ಎಲುಬು, ಮೃದ್ವಸ್ಥಿ, ಕೊಬ್ಬುಗಳಾಗಬಲ್ಲುದು. ಈ ಎರಡನೆಯದರಿಂದ ಬೆಂಗಳೂರಿನ ಸ್ಟೆಂಪ್ಯೂಟಿಕ್ಸ್ ಸಂಸ್ಥೆ ಸಿದ್ಧಪಡಿಸಿದ ಔಷಧಕ್ಕೆ 2016ರಲ್ಲಿ ಸೀಮಿತ ಅನುಮತಿ ದೊರೆಯಿತು. ಬೀಡಿ, ಸಿಗರೇಟು ಸೇದುವವರ ಕಾಲಿನ ರಕ್ತನಾಳಗಳು ಕಟ್ಟಿ, ಹುಣ್ಣಾಗಿ, ಕಾಲನ್ನೇ ಕತ್ತರಿಸಬೇಕಾಗಿ ಬರುವ ಬರ್ಜರ್ ರೋಗಕ್ಕೆ ಅದು.

ಹೊಕ್ಕುಳಬಳ್ಳಿಯ ರಕ್ತದಲ್ಲಿರುವುದು ಮುಖ್ಯವಾಗಿ ರಕ್ತಕಣಗಳನ್ನು ಹುಟ್ಟಿಸುವ ಬಗೆ. ಈ ಭೇದವನ್ನು ಜಾಹೀರಾತುಗಳು ಮರೆಮಾಚಬಾರದೆಂಬುದು ನಮ್ಮ ಅಭಿಪ್ರಾಯ. ಥಲಸ್ಸೀಮಿಯಾ ಪೀಡಿತ ಮಗುವಿಗೆ ತನ್ನದೇ ಬಳ್ಳಿಯ ರಕ್ತ ಪ್ರಯೋಜನಕ್ಕೆ ಬಾರದು, ಅದೇ ವಂಶವಾಹಿ ದೋಷ ಅದರಲ್ಲಿಯೂ ಉಂಟು. ಸ್ವಂತಕ್ಕೆಂದು ಕೂಡಿಡುವುದಕ್ಕೆ ವೈಜ್ಞಾನಿಕ ಆಧಾರವಿಲ್ಲವೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಿನ 2017ರ ಮಾರ್ಗಸೂಚಿ ಹೇಳುತ್ತದೆ. ಮನೆಯಲ್ಲಿ ಆಗಲೇ ಅಂಥ ರೋಗವುಳ್ಳ ಹಿರಿಯ ಮಗುವಿದ್ದರೆ ಮಾತ್ರ ಮಾತು ಬೇರೆ: ಹೊಂದಿಕೆಯಾದಲ್ಲಿ, ಆರೋಗ್ಯವಂತ ತಮ್ಮನ ಅಥವಾ ತಂಗಿಯ ಬಳ್ಳಿಯ ರಕ್ತ ಅದರ ಪ್ರಾಣ ಉಳಿಸಬಲ್ಲುದು.