ಮುಟ್ಟು ನಿಲ್ಲುವ ಕಾಲದ ಆಹಾರವಿಹಾರ

ಮುಟ್ಟು ನಿಲ್ಲುವುದು ರೋಗವಲ್ಲ. ಸ್ತ್ರೀಜೀವನದ ಸಹಜವಾದ ಒಂದು ಸಂಧಿಕಾಲ. ನಮ್ಮ ದೇಶದಲ್ಲಿ ಇದು ಸಾಮಾನ್ಯವಾಗಿ 46–47ರ ಸುಮಾರಿನಲ್ಲಿ ಒದಗುತ್ತದೆ. ಸತತವಾಗಿ 12 ತಿಂಗಳು ಮುಟ್ಟು ಕಾಣದಿದ್ದರೆ ಅದು ನಿಂತಿತೆಂದು ವೈದ್ಯರು ಎಣಿಸುತ್ತಾರೆ. ಈ ಕಾಲದಲ್ಲಿ ಅಂಡಾಶಯಗಳು ಒದಗಿಸುವ ಈಸ್ಟ್ರೋಜನ್ ಎಂಬ ಅಂತಃಸ್ರಾವವು ಬಹಳ ಕುಗ್ಗುತ್ತದೆ. ಮೈ ಕಾವೇರುವುದು, ಬೆವರುವುದು, ನಿದ್ರೆ ಕೆಡುವುದು ಇವೆಲ್ಲ ಅನುಭವಕ್ಕೆ ಬರುವ ಚಿಹ್ನೆಗಳು. ಮೂಳೆಗಳ ಸವೆತವಾದರೋ ಕಣ್ಣಿಗೆ ಕಾಣದೆ ಸಾಗುತ್ತದೆ.

ಕುಗ್ಗಿದ ಸ್ರಾವವನ್ನು ಯಾವ ಆಹಾರವೂ ಮೊದಲಿನಂತೆ ಮಾಡಲಾರದು. ಆದರೆ ಮೂಳೆಯ ಸವೆತವನ್ನು ತಗ್ಗಿಸುವುದಕ್ಕೆ ಅದು ನೆರವಾಗಬಲ್ಲದು. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಉಂಟು. ಅಷ್ಟೇ ತೂಕದ ಬಿಳಿಯ ಅಕ್ಕಿಯಲ್ಲಿ 10 ಮಿಲಿಗ್ರಾಂ ದೊರೆತರೆ ಹೆಚ್ಚು. ಆದುದರಿಂದ ನಾವು ರಾಗಿಯ ಮುದ್ದೆ, ಹಾಲು, ಮೊಸರು, ಕಾಳುಗಳನ್ನು ಊಟದಲ್ಲಿ ಸೇರಿಸಿಕೊಳ್ಳೋಣ. ದಿನವೂ ಬಿಸಿಲಿನಲ್ಲಿ ಸ್ವಲ್ಪ ಹೊತ್ತು ಬಿರುಸಾಗಿ ನಡೆಯೋಣ. ಕಾಫಿ, ಖಾರಗಳಿಂದ ಕಾವು ಹೆಚ್ಚುವವರು ಅವನ್ನು ಮಿತಗೊಳಿಸುವುದು ಲೇಸು.

ಒಂದು ಎಚ್ಚರಿಕೆಯನ್ನು ಮಾತ್ರ ನಾವು ಒತ್ತಿ ಹೇಳಬೇಕಾಗಿದೆ. ಮುಟ್ಟು ನಿಂತು ವರ್ಷ ಕಳೆದ ಮೇಲೆ ಮತ್ತೆ ರಕ್ತ ಕಂಡರೆ ಅದು ಪಥ್ಯದಿಂದ ನೀಗುವ ತೊಂದರೆಯೆಂದು ಸುಮ್ಮನಿರಬಾರದು. ಕೆಲವೊಮ್ಮೆ ಅದು ಗರ್ಭಕೋಶದ ಕ್ಯಾನ್ಸರಿನ ಮೊದಲ ಸೂಚನೆಯಾಗಿರಬಹುದು. ಆಗ ಸಂಕೋಚವನ್ನು ತೊರೆದು ತಡಮಾಡದೆ ವೈದ್ಯರನ್ನು ಕಾಣುವುದೇ ವಿವೇಕ.